ಮಣ್ಣಿನ ಬಂಡಿ, ಡಬ್ಬಿಯ ಟ್ರ್ಯಾಕ್ಟರು

ಪುಸ್ತಕವೊಂದರ ವಿಷಯದಲ್ಲಿ ತಪ್ಪು ತೀರ್ಪು ಕೊಟ್ಟ ವಿಮರ್ಶಕನಿಗೆ ಒಂದು ಸಮಾಧಾನ ಉಂಟು. ಪುಸ್ತಕ ಎಲ್ಲಿಗೂ ಹೋಗುವುದಿಲ್ಲ. ಹತ್ತು ವರ್ಷ ಕಳೆದ ಮೇಲಾದರೂ ಅದನ್ನು ಕಪಾಟಿನಿಂದ ತೆಗೆದು, ಧೂಳು ಕೊಡವಿ, ಮತ್ತೊಮ್ಮೆ ಓದಿ, ಅಂದು ತನಗೆ ಕಂಡದ್ದು ಅರ್ಧ ಮಾತ್ರ ಎಂದು ಒಪ್ಪಿಕೊಳ್ಳಬಹುದು. ಇಂದು ನಾನು ಒಪ್ಪಿಕೊಳ್ಳಲು ಹೊರಟಿರುವ ತಪ್ಪಿಗೆ ಆ ಅನುಕೂಲವಿಲ್ಲ. ನಾನು ತಪ್ಪಾಗಿ ತೂಗಿದ ಕೃತಿ ಒಂದು ಆಟದ ಟ್ರ್ಯಾಕ್ಟರು. ಅದನ್ನು ಮಾಡಿದವನು ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಹನ್ನೆರಡು ವರ್ಷದ ಒಬ್ಬ ಹುಡುಗ. ಮಾಡಿದ್ದು ಎಂಜಿನ್ ಎಣ್ಣೆಯ ಖಾಲಿ ಡಬ್ಬಿ, ಹರಿದ ಹವಾಯಿ ಚಪ್ಪಲಿ, ಉಪ್ಪಿನಕಾಯಿ ಭರಣಿಯ ಮುಚ್ಚಳ, ಮುಗಿದುಹೋದ ಬಾಲ್‌ಪೆನ್ನು, ಇಂಥವುಗಳಿಂದ. ಸಾಹಿತ್ಯಕ್ಕೆ ಮೀಸಲಾದ ಪುಟದಲ್ಲಿ ಇದರ ವಿಚಾರವೇಕೆ ಎಂದು ಓದುಗರು ಕೇಳಿದರೆ ಅದು ನ್ಯಾಯವೇ. ಅದಕ್ಕೆ ಉತ್ತರ ಮುಂದೆ ಬರುತ್ತದೆ; ಮೊದಲು ನಡೆದುದನ್ನು ಹೇಳಿಬಿಡುತ್ತೇನೆ.

ಕಳೆದ ಚಳಿಗಾಲದಲ್ಲಿ ವಿಜಯಪುರದ ಕಡೆಯ ಒಂದು ಶಾಲೆಯಲ್ಲಿ ಮಕ್ಕಳ ಕೈಗೆಲಸದ ಪ್ರದರ್ಶನವಿತ್ತು. ಸುತ್ತಲಿನ ಊರುಗಳ ಮಕ್ಕಳೂ ತಾವು ಮಾಡಿದುದನ್ನು ತಂದು ಇಟ್ಟಿದ್ದರು. ಬಹುಮಾನ ನಿರ್ಣಯಿಸಲು ಕರೆಸಿದ ಮೂವರಲ್ಲಿ ನಾನೂ ಒಬ್ಬ. ಬರೆಯುವವನಾದ್ದರಿಂದ ಅಂದಚೆಂದ ಬಲ್ಲವನಿರಬೇಕೆಂದು ಕರೆದವರು ಎಣಿಸಿದ್ದರು. ಕರೆಸಿಕೊಂಡವನೂ ಹಾಗೆಯೇ ಎಣಿಸಿದ್ದ. ವಾಹನಗಳಿಗೆಂದೇ ಒಂದು ಮೇಜು. ಕೊನೆಗೆ ಉಳಿದ ಪ್ರಶ್ನೆ ಎರಡೇ ವಸ್ತುಗಳ ನಡುವಿನದು.

ಒಂದು, ಬಸ್ಸು. ಅಂಗಡಿಯ ನಾಮಫಲಕಗಳಿಗೆ ಬಳಸುತ್ತಾರಲ್ಲ, ಆ ಬಿಳಿಯ ಪಿ.ವಿ.ಸಿ. ಫೋಮ್ ಹಾಳೆಯನ್ನು ಕೊಯ್ದು ಜೋಡಿಸಿದ್ದು. ಉದ್ದ ಸುಮಾರು ಒಂದೂವರೆ ಅಡಿ. ಕೆಂಪು ಬಣ್ಣ, ಕಿಟಕಿಗಳಿಗೆ ಪಾರದರ್ಶಕ ಹಾಳೆ, ಹಿಂದೆ ಮಾಳಿಗೆಗೆ ಹತ್ತುವ ಪುಟ್ಟ ಏಣಿ, ಮುಂದೆ ತಂತಿಯ ವೈಪರು, ಹಣೆಯ ಮೇಲೆ ‘ವಿಜಯಪುರ–ಜಮಖಂಡಿ’ ಎಂಬ ಫಲಕ. ಕಣ್ಣು ಮುಚ್ಚಿ ತೆರೆದರೆ ನಿಲ್ದಾಣದಲ್ಲೇ ನಿಂತಂತೆ ಆಗಬೇಕು, ಅಷ್ಟು ಹೋಲಿಕೆ. ಇನ್ನೊಂದು, ನಾನು ಹೇಳಿದ ಟ್ರ್ಯಾಕ್ಟರು, ಅದರ ಹಿಂದೆ ಒಂದು ಟ್ರೇಲರು. ಡಬ್ಬಿಯ ಮೇಲಿನ ಅಕ್ಷರಗಳನ್ನು ಕೂಡ ಅಳಿಸಿರಲಿಲ್ಲ. ಚಕ್ರಗಳಲ್ಲಿ ಒಂದು ನೀಲಿ, ಮೂರು ಬಿಳಿ. ಸೈಲೆನ್ಸರಿನ ಜಾಗದಲ್ಲಿ ಪೆನ್ನಿನ ಟೋಪಿ.

“ನೀನೇ ಮಾಡಿದ್ದೇನಪ್ಪಾ?” ಎಂದೆ.

“ಹೌದ್ರಿ ಸರ.”

“ಯಾರು ಕಲಿಸಿದರು?”

“ಯಾರೂ ಇಲ್ರಿ. ಟ್ಯಾಕ್ಟರ್ ನೋಡೀನ್ರಿ.”

ಬಸ್ಸಿಗೆ ಮೊದಲನೆಯ ಬಹುಮಾನ ಬಂತು. ಟ್ರ್ಯಾಕ್ಟರಿಗೆ ಸಮಾಧಾನದ ಬಹುಮಾನ. ನಿರ್ಣಾಯಕರ ಕಾಗದದಲ್ಲಿ ನಾನು ಬರೆದ ಮಾತು ಇದು: ‘ಶ್ರಮ ಮೆಚ್ಚತಕ್ಕದ್ದು, ಅಂದ ಸಾಲದು.’ ಹೊರಟುನಿಂತಾಗ ಹುಡುಗ ಹತ್ತಿರ ಬಂದ. ಜಗಳಕ್ಕಲ್ಲ, ದೂರಿಗೂ ಅಲ್ಲ. ಏನೋ ಮರೆತುಹೋಗಿದೆ ಎಂದು ದೊಡ್ಡವರಿಗೆ ನೆನಪು ಮಾಡುವವನ ಹಾಗೆ ಹೇಳಿದ: “ಸರ, ನೀವು ಜಗ್ಗಿ ನೋಡಲಿಲ್ರಿ.”

ನಿಜ. ನಾನು ಅದನ್ನು ಎಳೆದು ನೋಡಿರಲಿಲ್ಲ. ಬಂಡಿಯನ್ನು ಎಳೆಯದೆಯೇ ಬಂಡಿಯ ಗುಣದೋಷ ನಿರ್ಣಯಿಸಿದ್ದೆ. ಪದ್ಯವನ್ನು ಬಾಯಿಬಿಟ್ಟು ಓದದೆ ಹಾಳೆಯ ಮೇಲಿನ ಸಾಲುಗಳ ಅಳತೆ ನೋಡಿ ಛಂದಸ್ಸಿನ ಮೇಲೆ ತೀರ್ಪು ಕೊಟ್ಟಂತಾಯಿತು. ಅಲ್ಲಿಯೇ ನಿಂತು ಎಳೆದೆ. ಎಳೆದ ಮೇಲೆ ಕಂಡುದನ್ನೇ ಈಗ ವಿವರಿಸಬೇಕಾಗಿದೆ.

ಆದರೆ ಅದಕ್ಕೂ ಮೊದಲು, ಇಂಥ ಆಟಿಕೆಗಳನ್ನು ಕಂಡಾಗ ನಮ್ಮಂಥ ಪೇಟೆಯ ಜನ ಆಡುವ ಮೂರು ಮಾತುಗಳನ್ನು ಬದಿಗೆ ಇಡಬೇಕು. ಮೂರೂ ಹೊಗಳಿಕೆಯಂತೆ ಕೇಳುತ್ತವೆ; ಮೂರೂ ವಿಮರ್ಶೆಯನ್ನು ತಪ್ಪಿಸುವ ಉಪಾಯಗಳು. ಮೊದಲನೆಯದು ಕನಿಕರ: “ಪಾಪ, ಕೊಳ್ಳಲು ಹಣವಿಲ್ಲ, ಇದ್ದುದರಲ್ಲಿಯೇ ಮಾಡಿಕೊಂಡಿದ್ದಾನೆ.” ಇದು ಕೃತಿಯನ್ನು ಬಿಟ್ಟು ಮಾಡಿದವನ ಕಿಸೆಯನ್ನು ನೋಡುವ ಮಾತು. ಎರಡನೆಯದು ಮಿತವ್ಯಯದ ಹೊಗಳಿಕೆ: ಕಸದಿಂದ ರಸ. ಕಸ ಹೋದದ್ದು ನಗರಸಭೆಗೆ ಸಂತೋಷ ತರಬಹುದು. ರಸ ಬಂದಿದೆಯೇ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಮೂರನೆಯದು ಶಿಕ್ಷಣದ ಹೊಗಳಿಕೆ: ಇದರಿಂದ ಮಗು ವಿಜ್ಞಾನ ಕಲಿಯುತ್ತದೆ. ಇದರಲ್ಲಿ ಹುರುಳಿದೆ. ಕಾನಪುರದ ಐ.ಐ.ಟಿ.ಯಲ್ಲಿ ಎಂಜಿನಿಯರಿಂಗ್ ಓದಿದ ಅರವಿಂದ ಗುಪ್ತರು ೧೯೭೦ರ ದಶಕದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ವಿಜ್ಞಾನ ಶಿಕ್ಷಣ ಕಾರ್ಯಕ್ರಮಕ್ಕೆ ಹೋಗಿ, ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನಿಂದ ರೇಖಾಗಣಿತ ಕಲಿಸಿ, ಮುಂದೆ ದೇಶದ ಶಾಲೆಗಳಿಗೆಲ್ಲ ಗೊತ್ತಾದರು. ೨೦೧೮ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಕೆಲಸ ದೊಡ್ಡದು. ಆದರೆ ಅಲ್ಲಿ ಆಟಿಕೆ ಪಾಠಕ್ಕೆ ಹೋಗುವ ದಾರಿ. ಮಮದಾಪುರದ ಹುಡುಗ ಏನನ್ನೂ ಕಲಿಯಲು ಹೊರಟಿರಲಿಲ್ಲ. ಅವನಿಗೆ ಒಂದು ಟ್ರ್ಯಾಕ್ಟರು ಬೇಕಾಗಿತ್ತು. ಕವಿಗೆ ಪದ್ಯ ಬೇಕಾಗುವ ಹಾಗೆ.

ಈಗ ಕೃತಿಗೆ ಬರೋಣ. ನೆಲದ ಮೇಲೆ ಇಟ್ಟು ಹಗ್ಗ ಹಿಡಿದು ಎಳೆದೆ. ಶಾಲೆಯ ಅಂಗಳ ಸಮನಾಗಿರಲಿಲ್ಲ. ಕಲ್ಲು, ಕುಣಿ, ಬೇರು. ಟ್ರ್ಯಾಕ್ಟರಿನ ಮುಂದಿನ ಬಲಗಾಲಿ ಒಂದು ಕಲ್ಲನ್ನು ಹತ್ತಿತು. ಎಡಗಾಲಿ ನೆಲ ಬಿಡಲಿಲ್ಲ, ಮೈಯೂ ವಾಲಲಿಲ್ಲ. ಕೆಳಗೆ ಬಗ್ಗಿ ನೋಡಿದೆ. ಮುಂದಿನ ಅಚ್ಚನ್ನು ಎರಡು ಬದಿಗೆ ಬಿಗಿದಿರಲಿಲ್ಲ. ನಟ್ಟನಡುವೆ ಒಂದೇ ಮೊಳೆಯ ಮೇಲೆ ತಕ್ಕಡಿಯ ದಂಡಿಯಂತೆ ತೂಗಬಿಟ್ಟಿದ್ದ. ನಿಜವಾದ ಟ್ರ್ಯಾಕ್ಟರಿನಲ್ಲಿ ಇರುವುದೂ ಹೀಗೆಯೇ. ಉತ್ತ ಹೊಲದ ಹೆಂಟೆಗಳ ಮೇಲೆ ನಾಲ್ಕೂ ಗಾಲಿ ನೆಲ ಹಿಡಿಯಬೇಕಾದರೆ ಮುಂದಿನ ಅಚ್ಚು ನಡುವಿನಲ್ಲಿ ತೂಗಲೇಬೇಕು. ಸಾವಿರ ಸಲ ಟ್ರ್ಯಾಕ್ಟರು ಕಂಡವರಲ್ಲಿ ಇದನ್ನು ಗಮನಿಸಿದವರು ಎಷ್ಟು ಮಂದಿ? ನಾನಂತೂ ಗಮನಿಸಿರಲಿಲ್ಲ. ಅಂಗಡಿಯಲ್ಲಿ ದೊರೆಯುವ ಆಟದ ಟ್ರ್ಯಾಕ್ಟರುಗಳಲ್ಲಿ ಹಲವಕ್ಕೆ ಇದು ಇರುವುದಿಲ್ಲ. ಹುಡುಗ ಟ್ರ್ಯಾಕ್ಟರನ್ನು ನೋಡಿದ್ದ ಎಂದರೆ ಕೆಳಗಿನಿಂದ ನೋಡಿದ್ದ, ಹೆಂಟೆ ಹತ್ತುವಾಗ ನೋಡಿದ್ದ, ಅದು ಹಾಗೇಕೆ ಇದೆ ಎಂದು ನೋಡಿದ್ದ.

ಗಾಲಿಗಳ ಕಡೆ ನೋಡಿ. ಹಿಂದಿನ ಗಾಲಿಗೆ ಭರಣಿಯ ಎರಡು ಮುಚ್ಚಳಗಳು ಮುಖಾಮುಖಿ. ನಡುವೆ ಹವಾಯಿ ಚಪ್ಪಲಿಯಿಂದ ದುಂಡಗೆ ಕೊಯ್ದ ರಬ್ಬರಿನ ಬಿಲ್ಲೆ. ಬಿಲ್ಲೆ ಮುಚ್ಚಳಕ್ಕಿಂತ ಒಂದು ನೂಲು ಅಗಲ. ಆ ಒಂದು ನೂಲೇ ಟೈರು. ಬರಿಯ ಮುಚ್ಚಳವಾಗಿದ್ದರೆ ಗಚ್ಚಿನ ನೆಲದ ಮೇಲೆ ಜಾರುತ್ತಿತ್ತು. ಬರಿಯ ರಬ್ಬರಾಗಿದ್ದರೆ ಭಾರಕ್ಕೆ ಕುಗ್ಗುತ್ತಿತ್ತು. ಅಚ್ಚು ಸೈಕಲ್ಲಿನ ಕಡ್ಡಿ. ಅದು ತಿರುಗುವುದು ಬಾಲ್‌ಪೆನ್ನಿನ ಕೊಳವೆಯೊಳಗೆ. ನುಣುಪಾದ ಪ್ಲಾಸ್ಟಿಕ್ಕಿನಲ್ಲಿ ನುಣುಪಾದ ಉಕ್ಕು. ಎಣ್ಣೆ ಬೇಡ, ಸದ್ದಿಲ್ಲ.

ಇನ್ನು ಟ್ರೇಲರು. ಬೇಸಿಗೆಯಲ್ಲಿ ಕೆರೆಯ ಹೂಳನ್ನು ಹೊಲಗಳಿಗೆ ಸಾಗಿಸುವ ಟ್ರ್ಯಾಕ್ಟರುಗಳದು ಹಿಂದಕ್ಕೆ ಎತ್ತಿ ಸುರುವುವ ಟ್ರೇಲರಷ್ಟೆ. ಇದೂ ಹಾಗೆ ಎತ್ತುತ್ತಿತ್ತು. ಅಡಿಯಲ್ಲಿ ಸೂಜಿಯಿಲ್ಲದ ದೊಡ್ಡ ಸಿರಿಂಜು, ಚಾಲಕನ ಪೀಠದ ಹತ್ತಿರ ಚಿಕ್ಕದೊಂದು; ಎರಡನ್ನೂ ಕೂಡಿಸುವ ತೆಳುವಾದ ಕೊಳವೆ; ಒಳಗೆಲ್ಲ ನೀರು. ಚಿಕ್ಕದನ್ನು ಒತ್ತಿದರೆ ದೊಡ್ಡದು ಮೆಲ್ಲಗೆ ಏಳುತ್ತದೆ. ಗಾಳಿ ತುಂಬಿದ್ದರೆ ಅದು ಒತ್ತಡಕ್ಕೆ ಕುಗ್ಗಿ, ಭಾರ ಎತ್ತದೆ ಉಳಿಯುತ್ತಿತ್ತು. ನೀರು ಹಾಗೆ ಕುಗ್ಗುವುದಿಲ್ಲ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಆದ್ದರಿಂದ ಅಗಲವಾದ ಕೊಂತದ ಮೇಲೆ ಬಲ ಹೆಚ್ಚು, ಆದರೆ ಅದು ಏರುವ ದೂರ ಕಡಿಮೆ. ಈ ತತ್ತ್ವವನ್ನು ಹೇಳಿದವನು ಫ್ರಾನ್ಸಿನ ಪಾಸ್ಕಲ್ (೧೬೨೩–೧೬೬೨). ಮಮದಾಪುರದ ದೊಡ್ಡ ಕೆರೆಯನ್ನು ಕಟ್ಟಿಸಿದ ಮುಹಮ್ಮದ್ ಆದಿಲ್ ಶಹನು, ಗೋಲಗುಮ್ಮಟದಲ್ಲಿ ಮಲಗಿರುವವನು, ವಿಜಯಪುರವನ್ನು ಆಳಿದ್ದೂ ಅದೇ ಕಾಲದಲ್ಲಿ, ೧೬೨೭ರಿಂದ ೧೬೫೬ರವರೆಗೆ. ಒಬ್ಬನು ನೀರನ್ನು ಏರಿ ಕಟ್ಟಿ ನಿಲ್ಲಿಸಿದ. ಇನ್ನೊಬ್ಬನು ನೀರನ್ನು ಕೊಳವೆಯಲ್ಲಿಟ್ಟು ದುಡಿಸುವ ಬಗೆ ತಿಳಿಸಿದ. ಇಬ್ಬರ ಹೆಸರನ್ನೂ ಹೇಳದೆಯೇ ಹುಡುಗ ಆ ಎರಡು ನೀರುಗಳನ್ನು ಒಂದು ಆಟಿಕೆಯಲ್ಲಿ ಕೂಡಿಸಿದ್ದ.

ಕೊನೆಗೊಂದು ವಿವರ. ಟ್ರೇಲರಿನ ಹಿಂದೆ ದಾರದಲ್ಲಿ ಒಂದು ಬೆಣಚುಕಲ್ಲು ಕಟ್ಟಿತ್ತು. ಏನದು ಎಂದು ಕೇಳಿದೆ. “ನಿಂದ್ರಿಸಿದಾಗ ಗಾಲಿಗೆ ಅಡ್ಡ ಇಡಾಕ್ರಿ” ಎಂದ. ಏರಿನಲ್ಲಿ ಗಾಡಿ ನಿಲ್ಲಿಸಿದ ಚಾಲಕರು ಗಾಲಿಯ ಹಿಂದೆ ಕಲ್ಲು ಇಡುವುದನ್ನು ನಾವೆಲ್ಲ ಕಂಡಿದ್ದೇವೆ. ಯಾವ ಕಾರಖಾನೆಯೂ ಟ್ರ್ಯಾಕ್ಟರಿನೊಂದಿಗೆ ಆ ಕಲ್ಲನ್ನು ಕೊಡುವುದಿಲ್ಲ. ಆದರೆ ಅದಿಲ್ಲದೆ ಟ್ರ್ಯಾಕ್ಟರಿನ ಬಾಳು ಪೂರ್ತಿಯಾಗುವುದಿಲ್ಲ. ಕಾದಂಬರಿಕಾರನಿಗೆ ಇಂಥ ಒಂದು ಕಲ್ಲು ಸಿಕ್ಕರೆ ಆತನ ಅಧ್ಯಾಯ ಗೆದ್ದಂತೆಯೇ.

ಇಷ್ಟಾದ ಮೇಲೆ ‘ಅಂದ ಸಾಲದು’ ಎಂಬ ನನ್ನ ಮಾತಿನ ಗತಿಯೇನು? ಅಂದವೆಂದು ನಾನು ಕರೆದದ್ದು ಬಣ್ಣವನ್ನು, ಹೊಂದಿಕೆಯನ್ನು. ನಾಲ್ಕು ಚಕ್ರ ಒಂದೇ ಬಣ್ಣವಿರಲಿಲ್ಲ, ಜೋಡಣೆಗಳು ಕಾಣುತ್ತಿದ್ದುವು. ಆದರೆ ಆ ಜೋಡಣೆಗಳು ಏಕೆ ಕಾಣುತ್ತಿದ್ದುವು? ಡಬ್ಬಿಯ ಪ್ಲಾಸ್ಟಿಕ್ಕು ಪಾಲಿಥಿನ್ ಜಾತಿಯದು. ೧೯೩೩ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಆಕಸ್ಮಿಕವಾಗಿ ಹುಟ್ಟಿದ ಈ ಪದಾರ್ಥಕ್ಕೆ ಒಂದು ಹಟವುಂಟು: ಅದು ಅಂಟನ್ನು ಒಲ್ಲದು. ಮನೆಯಲ್ಲಿ ದೊರೆಯುವ ಯಾವ ಅಂಟು ಹಚ್ಚಿದರೂ ಒಣಗಿದ ಮೇಲೆ ಹೊಪ್ಪಳೆಯಂತೆ ಎದ್ದುಬರುತ್ತದೆ. ಆದ್ದರಿಂದ ಅದನ್ನು ಹೊಲಿಯಬೇಕು: ತೂತು ಕೊರೆದು, ತಂತಿ ಪೋಣಿಸಿ, ಹಿಂದೆ ತಿರುಚಬೇಕು. ಪಿ.ವಿ.ಸಿ. ಹಾಳೆ ಹಾಗಲ್ಲ, ಅದು ಅಂಟಿಗೆ ಒಲಿಯುತ್ತದೆ, ಕೂಡಿದ ಗೆರೆಯ ಮೇಲೆ ಬಣ್ಣ ಬಳಿದರೆ ಗೆರೆಯೇ ಕಾಣದು. ಬಸ್ಸಿನ ನುಣುಪು ಹಾಳೆಯ ಸ್ವಭಾವ; ಟ್ರ್ಯಾಕ್ಟರಿನ ಹೊಲಿಗೆ ಡಬ್ಬಿಯ ಸ್ವಭಾವ. ಪ್ರತಿಯೊಂದು ವಸ್ತುವಿಗೂ ತನ್ನದೇ ಛಂದಸ್ಸಿದೆ. ರಗಳೆಯಲ್ಲಿ ಬರೆದವನನ್ನು ಕಂದಪದ್ಯದ ನಿಲುಗಡೆ ಇಲ್ಲವೆಂದು ಬಯ್ಯುವುದು ಎಷ್ಟು ಸರಿಯೋ ನನ್ನ ತೀರ್ಪು ಅಷ್ಟೇ ಸರಿ. ನಮ್ಮ ಹಿಂದಿನ ಆಲಂಕಾರಿಕರು ಇದಕ್ಕೆ ಔಚಿತ್ಯವೆಂಬ ಹೆಸರು ಕೊಟ್ಟಿದ್ದರು. ಅದನ್ನು ನಾನು ಓದಿದ್ದೆ, ಬಳಸಲು ಮರೆತಿದ್ದೆ.

ಈ ಹೊಲಿಗೆಯ ವಿದ್ಯೆಗೆ ಆ ಕಡೆಯ ಹಳ್ಳಿಗಳಲ್ಲಿ ಹಿಂದಿನದೊಂದು ಪರಂಪರೆಯೂ ಇದೆ. ಡೋಣಿಯ ಕಪ್ಪು ಎರೆಭೂಮಿ ಬಿಳಿಜೋಳದ ನಾಡು. ಸುಗ್ಗಿ ಮುಗಿದ ಮೇಲೆ ಮಕ್ಕಳು ಜೋಳದ ದಂಟನ್ನು ಸುಲಿದು, ಒಳಗಿನ ಬೆಂಡನ್ನು ತುಂಡುಮಾಡಿ, ಹೊರಗಿನ ಸಿಬಿರನ್ನು ಬೆಂಡಿಗೆ ಚುಚ್ಚಿ ಬಂಡಿ ಕಟ್ಟುತ್ತಿದ್ದರು. ಕನ್ನಡಕವನ್ನೂ ಮಾಡಿ ಮೂಗಿನ ಮೇಲೆ ಏರಿಸಿಕೊಳ್ಳುತ್ತಿದ್ದರು. ಅಂಟಿಲ್ಲ, ಮೊಳೆಯಿಲ್ಲ, ಒಂದೇ ದಂಟಿನ ಗಟ್ಟಿ ಭಾಗ ಮೆತ್ತನೆಯ ಭಾಗಕ್ಕೆ ಮೊಳೆಯಾಗುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಕೆರೆಯ ಮಣ್ಣಿನಲ್ಲಿ ಜೋಡೆತ್ತು. ಪೂಜೆಯಾದ ಮೇಲೆ ಅವು ಮತ್ತೆ ನೀರಿಗೆ. ದಂಟು ವರ್ಷಕ್ಕೊಮ್ಮೆ ಬರುತ್ತಿತ್ತು, ಎತ್ತು ವರ್ಷಕ್ಕೊಮ್ಮೆ ಕರಗುತ್ತಿತ್ತು. ಈಗ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂದಿದೆ, ದಂಟಿನ ಜಾಗಕ್ಕೆ ಡಬ್ಬಿ. ಮಕ್ಕಳು ಬದಲಾದರು ಎಂದು ಹಿರಿಯರು ಹಲುಬುವುದನ್ನು ಕೇಳಿದ್ದೇನೆ. ನನಗೆ ಹಾಗೆ ತೋರುವುದಿಲ್ಲ. ಕಣ್ಣಮುಂದೆ ಹೊಲ ಉಳುವುದು ಯಾವುದೋ ಅದನ್ನು ಕೈಗೆ ಸಿಕ್ಕುವುದು ಯಾವುದೋ ಅದರಿಂದ ಮಾಡುವುದೇ ಅಂದಿನ ನಿಯಮ, ಇಂದಿನದೂ ಅದೇ.

ಆಟದ ಬಂಡಿಯ ವಂಶ ಬಹಳ ಹಳೆಯದು. ಹರಪ್ಪ, ಮೊಹೆಂಜೊದಾರೊ, ಚನ್ಹುದಾರೊಗಳಲ್ಲಿ ಸುಟ್ಟ ಮಣ್ಣಿನ ಪುಟ್ಟ ಬಂಡಿಗಳು ದೊರೆತಿವೆ. ಹಲವು ಚೌಕಟ್ಟುಗಳಲ್ಲಿ ಕಡ್ಡಿ ತೂರಿಸುವ ತೂತುಗಳು ಮಾತ್ರ ಉಳಿದಿವೆ. ಕಡ್ಡಿಗಳು ಮಣ್ಣಾಗಿ ಹೋಗಿವೆ. ನಮ್ಮ ಸಾಹಿತ್ಯದಲ್ಲಂತೂ ಆಟದ ಬಂಡಿಯೊಂದು ಇಡೀ ನಾಟಕಕ್ಕೇ ಹೆಸರು ಕೊಟ್ಟಿದೆ. ಶೂದ್ರಕನ ‘ಮೃಚ್ಛಕಟಿಕ’ ಎಂದರೆ ಮಣ್ಣಿನ ಪುಟ್ಟ ಬಂಡಿ. ಆರನೆಯ ಅಂಕದ ಆ ಸಂದರ್ಭ ಓದುಗರಿಗೆ ನೆನಪಿರಬಹುದು. ಚಾರುದತ್ತನ ಮಗ ರೋಹಸೇನ ನೆರೆಮನೆಯ ಮಗುವಿನ ಚಿನ್ನದ ಬಂಡಿಯೊಂದಿಗೆ ಆಡಿದ್ದಾನೆ. ಅದನ್ನು ಅವರು ಒಯ್ದಮೇಲೆ ದಾಸಿ ರದನಿಕೆ ಮಣ್ಣಿನದೊಂದನ್ನು ಮಾಡಿಕೊಟ್ಟರೆ ಒಲ್ಲೆನೆಂದು ಅಳುತ್ತಾನೆ. ವಸಂತಸೇನೆ ತನ್ನ ಒಡವೆಗಳನ್ನು ತೆಗೆದು ಆ ಮಣ್ಣಿನ ಬಂಡಿಯಲ್ಲಿ ತುಂಬಿ, ಚಿನ್ನದ್ದನ್ನು ಮಾಡಿಸಿಕೊ ಎನ್ನುತ್ತಾಳೆ. ಅವೇ ಒಡವೆಗಳು ಮುಂದೆ ನ್ಯಾಯಸಭೆಯಲ್ಲಿ ಚಾರುದತ್ತನಿಗೆ ವಿರುದ್ಧವಾದ ಸಾಕ್ಷಿಯಾಗುತ್ತವೆ.

ಈ ಪ್ರಸಂಗವನ್ನು ವಸಂತಸೇನೆಯ ಔದಾರ್ಯಕ್ಕಾಗಿ ಎಲ್ಲರೂ ಹೊಗಳುತ್ತೇವೆ, ಹೊಗಳಬೇಕಾದದ್ದೇ. ಆದರೆ ಟ್ರ್ಯಾಕ್ಟರನ್ನು ಎಳೆದ ಮೇಲೆ ನನಗೆ ಬೇರೊಂದು ಸಂಗತಿ ಹೊಳೆಯಿತು. ಆ ಬಂಡಿಯನ್ನು ಮಾಡಿದವಳು ರದನಿಕೆ, ಮಗುವಲ್ಲ. ದೊಡ್ಡವರು ಮಾಡಿದ ಮಣ್ಣಿನ ಬಂಡಿಗೂ ದೊಡ್ಡವರು ಕೊಂಡ ಚಿನ್ನದ ಬಂಡಿಗೂ ನಡುವೆ ಆರಿಸಿಕೊಳ್ಳೆಂದರೆ ಯಾವ ಮಗುವಾದರೂ ಚಿನ್ನವನ್ನೇ ಕೇಳೀತು. ರೋಹಸೇನ ತಾನೇ ಮಣ್ಣು ಕಲಸಿ, ಗಾಲಿ ತಟ್ಟಿ, ಅದು ಬಿರಿದು, ಮತ್ತೆ ತಟ್ಟಿ ಮಾಡಿದ್ದರೆ ಅಳುತ್ತಿದ್ದನೆ? ಚಿನ್ನ ತಂದವರಿಗೆ ತನ್ನದನ್ನು ಮುಟ್ಟಲು ಬಿಡುತ್ತಿದ್ದನೆ? ಶೂದ್ರಕ ಈ ಪ್ರಶ್ನೆ ಎತ್ತಲಿಲ್ಲ. ಆದರೆ ನಾಟಕಕ್ಕೆ ಹೆಸರಿಡುವಾಗ ಚಿನ್ನವನ್ನು ಬಿಟ್ಟು ಮಣ್ಣನ್ನೇ ಆರಿಸಿದ.

ಇದೇ ಪ್ರಶ್ನೆಯ ಹತ್ತಿರ ಈಚಿನ ಪಾಶ್ಚಾತ್ಯ ವಿಚಾರವಂತರಿಬ್ಬರು ಬಂದಿದ್ದಾರೆ. ಫ್ರೆಂಚ್ ಲೇಖಕ ರೋಲಾಂ ಬಾರ್ತ್ ೧೯೫೭ರ ತನ್ನ ‘ಮಿಥಾಲಜೀಸ್’ ಗ್ರಂಥದಲ್ಲಿ ಆಟಿಕೆಗಳ ಮೇಲೆ ಒಂದು, ಪ್ಲಾಸ್ಟಿಕ್ಕಿನ ಮೇಲೆ ಒಂದು ಪುಟ್ಟ ಪ್ರಬಂಧ ಬರೆದಿದ್ದಾನೆ. ಇಂದಿನ ಆಟಿಕೆಗಳು ದೊಡ್ಡವರ ಲೋಕದ ಕಿರಿದು ಮಾಡಿದ ನಕಲುಗಳು, ಅವು ಮಗುವನ್ನು ನಿರ್ಮಾಪಕನನ್ನಾಗಿ ಮಾಡದೆ ಬರಿಯ ಒಡೆಯನನ್ನಾಗಿ ಮಾಡುತ್ತವೆ ಎಂಬುದು ಆತನ ದೂರು. ಮರದ ಆಟಿಕೆಗೆ ಇದ್ದ ಬೆಚ್ಚನೆಯ ಸ್ಪರ್ಶ ಪ್ಲಾಸ್ಟಿಕ್ಕಿಗೆ ಇಲ್ಲವೆಂಬ ಕೊರಗೂ ಉಂಟು. ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆಯನ್ನೋ ಕಿನ್ನಾಳದ ಮರದ ಕೆತ್ತನೆಯನ್ನೋ ಕೈಯಲ್ಲಿ ಹಿಡಿದವರು ಈ ಮಾತಿಗೆ ತಲೆದೂಗುತ್ತೇವೆ. ಆದರೆ ಬಾರ್ತ್ ನೋಡಿದ್ದು ಕಾರಖಾನೆಯಿಂದ ಹೊರಬಂದ ಹೊಸ ಪ್ಲಾಸ್ಟಿಕ್ಕನ್ನು. ಒಂದು ಬಾಳು ಬಾಳಿ ಮುಗಿಸಿದ ಪ್ಲಾಸ್ಟಿಕ್ಕು ಬೇರೆ. ಯಾರದೋ ಹಿಮ್ಮಡಿ ಸವೆಸಿದ ಚಪ್ಪಲಿ, ಪರೀಕ್ಷೆ ಬರೆದು ಮುಗಿದ ಪೆನ್ನು, ಮನೆಯ ಉಪ್ಪಿನಕಾಯಿ ತೀರಿದ ಭರಣಿ, ಇವಕ್ಕೆ ಆಗಲೇ ಒಂದು ಚರಿತ್ರೆಯಿದೆ. ಇವು ಟ್ರ್ಯಾಕ್ಟರಾಗುವುದು ಹಳೆಯ ಮಾತು ಹೊಸ ಪದ್ಯದಲ್ಲಿ ಹೊಸ ಅರ್ಥ ಪಡೆದಂತೆ. ನಿರ್ಮಾಪಕ, ಒಡೆಯ ಎಂಬ ಬಾರ್ತನ ಭೇದ ನಿಜವಾದದ್ದು. ಅದನ್ನು ಮರ, ಪ್ಲಾಸ್ಟಿಕ್ಕು ಎಂಬ ಭೇದಕ್ಕೆ ಗಂಟುಹಾಕಿದ್ದು ಆತನ ಅವಸರ.

ಇನ್ನೊಬ್ಬ, ಕಲೆಯ ಇತಿಹಾಸಕಾರ ಗೊಂಬ್ರಿಕ್. ೧೯೫೧ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಆತ ಮಕ್ಕಳ ಕೋಲುಕುದುರೆಯನ್ನು ಎತ್ತಿಕೊಂಡು, ಅದು ಕುದುರೆಯ ಚಿತ್ರವಲ್ಲ, ಕುದುರೆಯ ಬದಲಿ ಎನ್ನುತ್ತಾನೆ. ಕೋಲು ಕುದುರೆಯನ್ನು ಹೋಲುವುದರಿಂದಲ್ಲ, ಹತ್ತಲು ಬರುವುದರಿಂದ ಕುದುರೆಯಾಯಿತು. ಕಲೆಯಲ್ಲಿ ಮೊದಲು ಕಾರ್ಯ, ಆಮೇಲೆ ಸಾದೃಶ್ಯ. ಮೇಜಿನ ಮೇಲೆ ಬಸ್ಸನ್ನೂ ಟ್ರ್ಯಾಕ್ಟರನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನಾನು ಕೇಳಬೇಕಾಗಿದ್ದ ಪ್ರಶ್ನೆ ಇದೇ: ಇದು ವಾಹನದ ಚಿತ್ರವೋ, ವಾಹನವೋ?

ಇಲ್ಲಿ ಬಸ್ಸಿಗೂ ನ್ಯಾಯ ಸಲ್ಲಬೇಕು. ತಪ್ಪು ತಿದ್ದಿಕೊಳ್ಳುವ ಉತ್ಸಾಹದಲ್ಲಿ ಇನ್ನೊಂದು ತಪ್ಪು ಮಾಡಬಾರದು. ಸಿದ್ಧಪಡಿಸಿದ ಭಾಗಗಳನ್ನು ಕೊಳ್ಳದೆ ಬರಿಯ ಹಾಳೆ, ಕಡ್ಡಿ, ಕೊಳವೆಗಳಿಂದ ಮೊದಲಿಂದ ಕೊನೆಯವರೆಗೆ ಒಂದು ಕಿರುವಾಹನ ಕಟ್ಟುವುದು ಜಗತ್ತಿನ ಹಲವು ಕಡೆ ಬೆಳೆದುನಿಂತ ವಿದ್ಯೆ. ಅದರಲ್ಲಿ ಅಳತೆಯೇ ಧರ್ಮ. ಹನ್ನೊಂದು ಮೀಟರಿನ ಬಸ್ಸನ್ನು ಇಪ್ಪತ್ತರಲ್ಲೊಂದು ಪಾಲಿಗೆ ಇಳಿಸಿದರೆ ಐವತ್ತೈದು ಸೆಂಟಿಮೀಟರು. ಹಾಗೆ ಇಳಿಸಿದ ಮೇಲೆ ಕಿಟಕಿಯ ಅಂಚು, ಮೆಟ್ಟಿಲಿನ ಎತ್ತರ, ದೀಪದ ಸುತ್ತಳತೆ, ಎಲ್ಲವೂ ಅದೇ ಪಾಲಿಗೆ ಇಳಿಯಬೇಕು. ಒಂದು ತಪ್ಪಿದರೆ ಕಣ್ಣು ಹಿಡಿಯುತ್ತದೆ. ಪಾಲಿಸ್ಟೈರಿನ್ ಹಾಳೆಯನ್ನು ಪೂರ್ತಿ ಕತ್ತರಿಸುವುದಿಲ್ಲ. ಚೂರಿಯಿಂದ ಗೀರಿ, ಬಗ್ಗಿಸಿ ಮುರಿಯುತ್ತಾರೆ. ಅಂಟೆಂದು ಹಚ್ಚುವ ದ್ರಾವಕ ಎರಡು ಅಂಚುಗಳನ್ನೂ ಕರಗಿಸಿ ಒಂದು ಮಾಡುತ್ತದೆ. ೧೯೭೭ರ ‘ಸ್ಟಾರ್ ವಾರ್ಸ್’ ಚಲನಚಿತ್ರದ ಆಕಾಶನೌಕೆಗಳ ಮೈಮೇಲೆ ಕಾಣುವ ಯಂತ್ರಜಾಲವೆಲ್ಲ ಅಂಗಡಿಯ ಯುದ್ಧಟ್ಯಾಂಕು, ಹಡಗುಗಳ ಪ್ಲಾಸ್ಟಿಕ್ ಕಿಟ್ಟುಗಳಿಂದ ಕಿತ್ತು ಅಂಟಿಸಿದ ಚೂರುಗಳು. ಬೇರೊಂದಕ್ಕೆಂದು ಹುಟ್ಟಿದ್ದನ್ನು ಇನ್ನೊಂದಾಗಿ ಕಾಣುವ ಕಣ್ಣು ಹಾಲಿವುಡ್ಡಿಗೂ ಬೇಕು, ಮಮದಾಪುರಕ್ಕೂ ಬೇಕು. ನಮ್ಮ ಬಸ್ಸನ್ನು ಕಟ್ಟಿದ ಹುಡುಗನ ತಾಳ್ಮೆ ಸಾಮಾನ್ಯವಲ್ಲ. ಅವನ ಏಣಿಯ ಮೆಟ್ಟಿಲುಗಳ ನಡುವಿನ ಅಂತರ ಒಂದೂ ತಪ್ಪಿರಲಿಲ್ಲ.

ಆದರೆ ಆ ಬಸ್ಸಿನ ಗಾಲಿಗಳನ್ನು ಮೈಗೆ ಅಂಟಿಸಿಬಿಟ್ಟಿತ್ತು. ಅದು ನಿಲ್ಲುವುದಕ್ಕಾಗಿ ಮಾಡಿದ ಬಸ್ಸು. ಪದಕ್ಕೆ ಪದ ಹಾಕಿದ ಅನುವಾದದಲ್ಲಿ ಒಂದು ಶಬ್ದವೂ ಬಿಟ್ಟಿರುವುದಿಲ್ಲ. ಆದರೆ ಬಾಯಿಗೆ ಬರುವುದಿಲ್ಲ. ಬಿ.ಎಂ.ಶ್ರೀ.ಯವರು ‘ಇಂಗ್ಲಿಷ್ ಗೀತಗಳು’ ಮಾಡುವಾಗ ಎಷ್ಟನ್ನು ಬಿಟ್ಟರು, ಎಷ್ಟನ್ನು ಬದಲಿಸಿದರು ಎಂದು ಲೆಕ್ಕ ಹಾಕಿದವರುಂಟು. ಅವು ಕನ್ನಡದಲ್ಲಿ ನಡೆದುವು, ಅದು ಮುಖ್ಯ. ಬಸ್ಸು ಒಳ್ಳೆಯ ಅನುವಾದ. ಟ್ರ್ಯಾಕ್ಟರು ಒಳ್ಳೆಯ ರೂಪಾಂತರ. ಎರಡಕ್ಕೂ ಬಹುಮಾನ ಇರಬೇಕಾಗಿತ್ತು. ಒಂದೇ ಇದ್ದರೆ, ಮೊದಲನೆಯದು ನಡೆದದ್ದಕ್ಕೆ.

ಟ್ರ್ಯಾಕ್ಟರಿನ ದೋಷಗಳನ್ನೂ ಹೇಳದಿದ್ದರೆ ಇದು ವಿಮರ್ಶೆಯಾಗದೆ ಪ್ರಾಯಶ್ಚಿತ್ತವಾದೀತು. ಹಿಂದಿನ ಎಡಗಾಲಿ ಕುಂಟುತ್ತಿತ್ತು. ತೂತು ನಡುವಿಗೆ ಬಿದ್ದಿರಲಿಲ್ಲ, ಕಣ್ಣಳತೆಯನ್ನು ನಂಬಿದ್ದ. ಮುಚ್ಚಳದ ಅಳತೆಗೆ ಕಾಗದ ಕತ್ತರಿಸಿ ಎರಡು ಸಲ ಮಡಿಸಿದರೆ ಮಡಿಕೆಗಳು ಕೂಡುವಲ್ಲಿ ನಡು ಸಿಗುತ್ತದೆ ಎಂದು ಹೇಳಿಕೊಡುವವರು ಇರಲಿಲ್ಲ. ಟ್ರೇಲರನ್ನು ಟ್ರ್ಯಾಕ್ಟರಿಗೆ ಕೊಂಡಿ ಹಾಕಿದ ಜಾಗ ಎತ್ತರವಾಯಿತು. ಮಣ್ಣು ತುಂಬಿ ಎಳೆದರೆ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತಿತ್ತು. ನಿಜವಾದ ಟ್ರ್ಯಾಕ್ಟರುಗಳಿಗೂ ಇದೇ ಅಪಾಯ, ಆದ್ದರಿಂದಲೇ ಕೊಂಡಿ ಕೆಳಗಿರುತ್ತದೆ. ಕಾಯಿಸಿದ ಕಬ್ಬಿಣದ ಕಡ್ಡಿಯಿಂದ ತೂತು ಕೊರೆಯುವಾಗ ಏಳುವ ಹೊಗೆ ಒಳ್ಳೆಯದಲ್ಲ. ಪಿ.ವಿ.ಸಿ.ಯಾದರೆ ಅದು ಆಮ್ಲದ ಹೊಗೆ. ಮುಚ್ಚಿದ ಕೋಣೆಯಲ್ಲಿ ಆ ಕೆಲಸ ಬೇಡವೆಂದು ದೊಡ್ಡವರು ಹೇಳಲೇಬೇಕು. ಈ ದೋಷಗಳಲ್ಲಿ ಒಂದೂ ಬಡತನದ ದೋಷವಲ್ಲ, ಒಂದೂ ವಸ್ತುವಿನ ದೋಷವಲ್ಲ. ಎಲ್ಲವೂ ತಿದ್ದಬಹುದಾದ, ಕುಶಲಿಯ ದೋಷಗಳು. ಆ ಕಾಗದದಲ್ಲಿ ‘ಶ್ರಮ ಮೆಚ್ಚತಕ್ಕದ್ದು’ ಎಂಬ ದಾನದ ಮಾತಿನ ಬದಲು ‘ಎಡಗಾಲಿಯ ತೂತು ನಡುವಿಗಿಲ್ಲ’ 
ಎಂದು ಬರೆದಿದ್ದರೆ ಹುಡುಗನಿಗೆ ಹೆಚ್ಚಿನ ಗೌರವ ಕೊಟ್ಟಂತೆ ಆಗುತ್ತಿತ್ತು. ಅವನು ಅದನ್ನು ಸರಿಪಡಿಸುತ್ತಿದ್ದ.

ಸಾಹಿತ್ಯದ ಪುಟದಲ್ಲಿ ಇದರ ವಿಚಾರವೇಕೆ ಎಂಬುದಕ್ಕೆ ನನ್ನ ಉತ್ತರ ಇಷ್ಟೇ. ಹೋಲಿಕೆಯನ್ನು ಅಂದವೆಂದು ತಿಳಿಯುವ ರೋಗ ಆಟಿಕೆಯ ಮೇಜಿನಲ್ಲಿ ಮಾತ್ರ ಇರುವುದಲ್ಲ. ಕಥೆ, ಕಾದಂಬರಿಗಳನ್ನು ತೂಗುವಾಗಲೂ ಏಣಿಯ ಮೆಟ್ಟಿಲು ಎಣಿಸಿ ಬಹುಮಾನ ಕೊಡುತ್ತೇವೆ. ಗಾಲಿ ತಿರುಗುತ್ತದೆಯೇ ಎಂದು ನೋಡುವುದಿಲ್ಲ. ಹಳ್ಳಿಯಿಂದ ಬಂದ ಹೊಸ ಬರಹಗಾರನಿಗೆ ಕನಿಕರದ ಎರಡು ಸಾಲು ಬರೆದು ಕಳುಹಿಸುತ್ತೇವೆ. ಅವನ ತೂತು ಎಲ್ಲಿ ತಪ್ಪಿದೆಯೆಂದು ಹೇಳುವಷ್ಟು ಮರ್ಯಾದೆ ತೋರುವುದಿಲ್ಲ. ಮನೆಗಳಲ್ಲಿಯೂ ಅಷ್ಟೆ. ಹುಟ್ಟುಹಬ್ಬಕ್ಕೆ ತಂದ ಕಾರನ್ನು ಮಗು ಎರಡನೆಯ ದಿನ ಬಿಚ್ಚಿ ಹರವಿದರೆ ಗದರುತ್ತೇವೆ. ಅದು ಕಾರನ್ನು ಕೆಡಿಸುತ್ತಿಲ್ಲ, ಓದುತ್ತಿದೆ.

ಕಳೆದ ತಿಂಗಳು ಬೇರೆ ಕೆಲಸದ ಮೇಲೆ ಆ ಕಡೆ ಹೋಗಿದ್ದೆ. ಮಮದಾಪುರದಲ್ಲಿ ಇಳಿದು ಹುಡುಗನನ್ನು ಕಂಡೆ. ತೀರ್ಪು ತಪ್ಪಿತ್ತು ಎಂದು ಅವನ ಎದುರಿಗೇ ಹೇಳಬೇಕೆಂಬ ಆಸೆ. ಇನ್ನೊಮ್ಮೆ ಎಳೆಯಬೇಕೆಂಬ ಆಸೆಯೂ ಇತ್ತು.

“ಟ್ರ್ಯಾಕ್ಟರು ಎಲ್ಲಿ?” ಎಂದೆ.

“ಬಿಚ್ಚೀನ್ರಿ ಸರ.”

“ಯಾಕಪ್ಪಾ?”

“ಜೆಸಿಬಿ ಮಾಡಾಕತ್ತೀನ್ರಿ. ಗಾಲಿ ಬೇಕಾಗಿದ್ದುವು. ಸಿರಿಂಜೂ ಬೇಕಾಗಿತ್ತು.”

ಬಹುಮಾನದ ಸಂಗತಿ ಅವನಿಗೆ ನೆನಪಿದ್ದಂತೆ ಕಾಣಲಿಲ್ಲ. ನಾನೂ ಎತ್ತಲಿಲ್ಲ. ಕಟ್ಟೆಯ ಮೇಲೆ ಕುಳಿತು ಕಾಗದದ ಒಂದು ಚೂರನ್ನು ಮುಚ್ಚಳದ ಅಳತೆಗೆ ಕತ್ತರಿಸಿ, ಎರಡು ಸಲ ಮಡಿಸಿ ತೋರಿಸಿದೆ. ಅವನು ಮಡಿಕೆ ಬಿಚ್ಚಿ, ಗೆರೆಗಳು ಕೂಡಿದ ಜಾಗವನ್ನು ಒಂದು ಗಳಿಗೆ ನೋಡಿದ. ಆಮೇಲೆ ಏನೂ ಹೇಳದೆ ಒಳಗೆ ಹೋಗಿ ಎಡಗಾಲಿಯನ್ನು ತಂದ.